ಕೊಟ್ಟಿಗೆ ಕೈ ಬದಲಾದಾಗ: ಪ್ರೋತ್ಸಾಹಧನ, ವಿಮೆ ಮತ್ತು ಹಾಲಿನ ಸಂಘದ ಸದಸ್ಯತ್ವದ ವರ್ಗಾವಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನಿವೃತ್ತ ಪಶು ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಮನೆಯ ಯಜಮಾನರು ತೀರಿಕೊಂಡಾಗ ಜಮೀನಿನ ಪೌತಿ ಖಾತೆಯ ಮಾತು ತಿಥಿ ಮುಗಿಯುವ ಮೊದಲೇ ಜಗಲಿಗೆ ಬರುತ್ತದೆ. ಕೊಟ್ಟಿಗೆಯ ಮಾತು ಬರುವುದಿಲ್ಲ. ಹಸುವಿಗೆ ಸೂತಕವಿಲ್ಲ, ಮರುದಿನ ಮುಂಜಾನೆಯೂ ಅದನ್ನು ಕರೆಯಲೇಬೇಕು, ಕರೆದ ಹಾಲು ಡೇರಿಗೆ ಹೋಗಲೇಬೇಕು. ಆದಕಾರಣ ಮೃತರ ಹೆಸರಿನಲ್ಲಿಯೇ ಹಾಲು ಅಳೆಯುವುದು ಮುಂದುವರಿಯುತ್ತದೆ. ತಿಂಗಳು ಕಳೆದು ವರ್ಷವಾಗುತ್ತದೆ. ತೊಡಕು ಏಳುವುದು ಆ ಬಳಿಕ.

ನಾನು ಸೇವೆಯಲ್ಲಿದ್ದಾಗ ಕಂಡ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಒಂದು ಗ್ರಾಮದಲ್ಲಿ ಎರಡು ಮಿಶ್ರತಳಿ ಹಸುಗಳ ಕುಟುಂಬ. ಹುಲ್ಲು ಕೊಯ್ದವರು, ಸಗಣಿ ಬಾಚಿದವರು, ಹಾಲು ಕರೆದವರು ಆ ಮನೆಯ ಹೆಣ್ಣುಮಗಳು. ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ, ವಿಮಾ ಪತ್ರ ಮೂರೂ ಪತಿಯ ಹೆಸರಿನಲ್ಲಿದ್ದವು. ಆತ ತೀರಿಕೊಂಡ ಮೇಲೆ ಆಕೆ ಅದೇ ಸದಸ್ಯ ಸಂಖ್ಯೆಗೆ ಹಾಲು ಹಾಕುತ್ತಾ ಬಂದರು. ಬ್ಯಾಂಕಿನವರಿಗೆ ಮರಣದ ಸಂಗತಿ ತಿಳಿದಾಗ ಖಾತೆ ಸ್ಥಗಿತವಾಯಿತು. ಹಾಲಿನ ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ನಿಂತುಹೋದವು. ಎಂಟು ತಿಂಗಳಿಗೆ ಒಂದು ಹಸು ಹೊಟ್ಟೆಯುಬ್ಬರದಿಂದ ಸತ್ತಿತು. ಮರಣೋತ್ತರ ಪರೀಕ್ಷೆ ಮಾಡಿದವನು ನಾನೇ. ಕಿವಿಯೋಲೆಯ ಸಂಖ್ಯೆ ವಿಮಾ ಪತ್ರಕ್ಕೆ ಸರಿಹೊಂದಿತು. ಆದರೆ ಮಾಲೀಕರ ಕಾಲಮಿನಲ್ಲಿ ಇದ್ದದ್ದು ಇಲ್ಲದ ಮನುಷ್ಯನ ಹೆಸರು. ಪರಿಹಾರ ದೊರೆಯಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮೇವಿನ ಸಾಲಕ್ಕಾಗಿ ಇನ್ನೊಂದು ಹಸುವನ್ನೂ ಮಾರಿಯಾಗಿತ್ತು. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ನಡುವೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಆ ಮನೆಗೆ ಹೋಗಿದ್ದೆ, ಯಜಮಾನರು ಇಲ್ಲವೆಂಬುದು ತಿಳಿದಿತ್ತು. ದಾಖಲೆಯಲ್ಲಿ ಹೆಸರು ಬದಲಿಸಿಕೊಳ್ಳಿರೆಂದು ಒಂದು ಮಾತು ಹೇಳಲಿಲ್ಲ.

ಹಕ್ಕು ಯಾವುದಕ್ಕೆ ಅಂಟಿಕೊಂಡಿರುತ್ತದೆ ಎಂಬುದೇ ಈ ವಿಷಯದ ತಿರುಳು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 1984ರಿಂದ 2015ರ ಮಾರ್ಚ್‌ವರೆಗೆ ಹಾಲಿಗೆ ಕೋಟಾ ಪದ್ಧತಿಯಿತ್ತು. ಇಂತಿಷ್ಟು ಹಾಲು ಉತ್ಪಾದಿಸುವ ಹಕ್ಕು ಮೂಲತಃ ಹಿಡುವಳಿಗೆ ಸೇರಿದ್ದು; ಹಿಡುವಳಿಯನ್ನು ವಹಿಸಿಕೊಂಡವರಿಗೆ ಅದೂ ಸಾಮಾನ್ಯವಾಗಿ ವರ್ಗವಾಗುತ್ತಿತ್ತು. ನಮ್ಮಲ್ಲಿ ಕೋಟಾ ಇಲ್ಲ, ಯಾರು ಎಷ್ಟು ಹಾಲನ್ನಾದರೂ ಕರೆಯಬಹುದು. ಆದರೆ ನಮ್ಮಲ್ಲಿ ಸವಲತ್ತು ಜಮೀನಿಗೂ ಅಂಟಿಲ್ಲ, ಹಸುವಿಗೂ ಅಂಟಿಲ್ಲ. ವ್ಯಕ್ತಿಯ ಹೆಸರಿಗೆ ಅಂಟಿದೆ. ಜಮೀನಿನ ಖಾತೆ ಬದಲಾದ ಮಾತ್ರಕ್ಕೆ ಉಳಿದವು ತಾವಾಗಿಯೇ ಹಿಂಬಾಲಿಸಿ ಬರುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಬಾಗಿಲಲ್ಲಿ ಕೇಳಿ ಪಡೆಯಬೇಕು.

ಮೊದಲನೆಯದು ಜಾನುವಾರು. ಅದು ಚರಾಸ್ತಿ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಒಳಪಟ್ಟ ಕುಟುಂಬದಲ್ಲಿ ಮೃತರ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿ ಮೊದಲ ವರ್ಗದ ವಾರಸುದಾರರು. ಹಸುವಿನ ಮೇಲೂ ಅವರಿಗೆಲ್ಲ ಹಕ್ಕಿದೆ. ಯಾರು ಸಾಕುವರೆಂಬುದನ್ನು ಉಳಿದವರ ಒಪ್ಪಿಗೆಯೊಂದಿಗೆ ಬರೆದಿಡುವುದು ಕ್ಷೇಮ. ಹಸುವಿನ ಗುರುತು ಕಿವಿಯೋಲೆಯ ಮೇಲಿನ 12 ಅಂಕಿಗಳ ಸಂಖ್ಯೆ. ಮಾಲೀಕರು ಬದಲಾದರೆ ಓಲೆಯನ್ನು ಬದಲಿಸಬಾರದು. ಭಾರತ್ ಪಶುಧನ್ ತಂತ್ರಾಂಶದಲ್ಲಿ ಮಾಲೀಕರ ಹೆಸರನ್ನು ಬದಲಿಸಬೇಕು. ಇದನ್ನು ಪಶು ಚಿಕಿತ್ಸಾಲಯದಲ್ಲಿ ಕೇಳಬೇಕು. ಹಳೆಯ ಓಲೆ ಕಿತ್ತು ಹೊಸದು ಹಾಕಿಸಿದರೆ ಲಸಿಕೆ, ಗರ್ಭಧಾರಣೆ, ವಿಮೆ ಎಲ್ಲವುಗಳ ಕೊಂಡಿ ಕಳಚಿಹೋಗುತ್ತದೆ. ಸಂತೆಯಲ್ಲಿ ಕೊಂಡ ಹಸುವಿಗೂ ಇದೇ ಮಾತು ಅನ್ವಯ.

ಇನ್ನು ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯತ್ವ. ನಮ್ಮವರಿಗೆ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಷೇರು ಬೇರೆ, ಸದಸ್ಯತ್ವ ಬೇರೆ. ಸದಸ್ಯರು ಮರಣ ಹೊಂದಿದಾಗ ಅವರ ಷೇರನ್ನು ನಾಮನಿರ್ದೇಶಿತರಿಗೆ ಅಥವಾ ವಾರಸುದಾರರಿಗೆ ವರ್ಗಾಯಿಸಬಹುದು, ಇಲ್ಲವೇ ಅದರ ಮೌಲ್ಯವನ್ನು ಕೊಡಬಹುದು. ಆದರೆ ಸದಸ್ಯರಾಗಬೇಕಾದರೆ ಅವರು ಬೈಲಾ ಪ್ರಕಾರ ಅರ್ಹರಾಗಿರಬೇಕು, ಅರ್ಜಿ ಸಲ್ಲಿಸಬೇಕು, ಆಡಳಿತ ಮಂಡಳಿ ಅದನ್ನು ಅಂಗೀಕರಿಸಬೇಕು. ಅಪ್ಪ ಸದಸ್ಯರಾಗಿದ್ದರೆಂಬ ಕಾರಣಕ್ಕೆ ಮಗ ತಾನಾಗಿ ಸದಸ್ಯನಾಗುವುದಿಲ್ಲ. ಸಂಘದ ಚುನಾವಣೆಯ ದಿನ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಜಗಳವಾಡಿ ಪ್ರಯೋಜನವೂ ಇಲ್ಲ. ನಾಮನಿರ್ದೇಶನ ಎಂದರೆ ಹಣವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಸೂಚನೆಯೇ ಹೊರತು ಉಳಿದ ವಾರಸುದಾರರ ಪಾಲನ್ನು ಅಳಿಸಿಹಾಕುವ ಪತ್ರವಲ್ಲ. ಸದಸ್ಯತ್ವದ ಪುಸ್ತಕ ತೆರೆದು ನೋಡಿ: ಎಷ್ಟೋ ಕಡೆ ನಾಮನಿರ್ದೇಶಿತರ ಜಾಗದಲ್ಲಿ ಸದಸ್ಯರ ತಾಯಿಯ ಹೆಸರಿರುತ್ತದೆ, ಆಕೆ ಮಗನಿಗಿಂತ ಮೊದಲೇ ತೀರಿಕೊಂಡಿರುತ್ತಾರೆ.

ಪ್ರೋತ್ಸಾಹಧನದ ವಿಷಯ. ರಾಜ್ಯ ಸರ್ಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಈ ನೆರವು 2013ರಲ್ಲಿ 4 ರೂಪಾಯಿಗೆ, ಅನಂತರ 5 ರೂಪಾಯಿಗೆ ಏರಿತು. ದಿನಕ್ಕೆ ಹತ್ತು ಲೀಟರು ಹಾಕುವ ಮನೆಗೆ 5 ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ 1,500 ರೂಪಾಯಿ. ಹಿಂಡಿಯ ಚೀಲಕ್ಕೆ ಆಗುವ ಹಣ ಅದು. ಇದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ ಸಂಘದ ಕಾರ್ಯದರ್ಶಿಯವರು ಮನಸ್ಸು ಮಾಡಿದರೂ ಬೇರೊಬ್ಬರ ಕೈಗೆ ಕೊಡಲಾಗದು. ಹಾಲು ಹಾಕುವವರ ಹೆಸರು, ಆಧಾರ್ ಮತ್ತು ಖಾತೆ ಮೂರೂ ಒಬ್ಬರದೇ ಆಗಿರಬೇಕು. ಬಹುಪಾಲು ದೂರುಗಳು ಇವುಗಳಲ್ಲೊಂದು ತಪ್ಪಿದ್ದರಿಂದ ಹುಟ್ಟಿದವು.

ವಿಮೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಾಷ್ಟ್ರೀಯ ಜಾನುವಾರು ಮಿಷನ್ನಿನಡಿ 2024ರಲ್ಲಿ ಆದ ಬದಲಾವಣೆಯಂತೆ ಫಲಾನುಭವಿಯು ವಿಮಾ ಕಂತಿನ ಶೇ. 15ರಷ್ಟನ್ನು ಮಾತ್ರ ಭರಿಸಬೇಕು. ಹಸು ಮಾರಾಟವಾದಾಗ ಅಥವಾ ಬೇರೆ ರೀತಿಯಲ್ಲಿ ಮತ್ತೊಬ್ಬರಿಗೆ ಸೇರಿದಾಗ, ಉಳಿದ ಅವಧಿಯ ವಿಮಾ ರಕ್ಷಣೆಯನ್ನು ಹೊಸ ಮಾಲೀಕರಿಗೆ ವರ್ಗಾಯಿಸಲು ಮಾರ್ಗಸೂಚಿಯಲ್ಲೇ ಅವಕಾಶವಿದೆ. ಹಸು ಬದುಕಿರುವಾಗ ಇದನ್ನು ಮಾಡಿಸಬೇಕು, ಸತ್ತ ಮೇಲೆ ಅಲ್ಲ. ಮಾರುವವರು ವಿಮಾ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಗ್ಗವನ್ನಷ್ಟೇ ಕೊಳ್ಳುವವರ ಕೈಗೆ ಕೊಡುತ್ತಾರೆ. ಕೊಳ್ಳುವವರು ಹಲ್ಲು ನೋಡುತ್ತಾರೆ, ಕೆಚ್ಚಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಪತ್ರ ಕೇಳುವುದಿಲ್ಲ. ಹಸುವಿನ ಮೇಲೆ ಸಾಲವಿದ್ದರೆ ಬ್ಯಾಂಕಿಗೆ ತಿಳಿಸದೆ ಮಾರುವಂತಿಲ್ಲ. ಸಹಾಯಧನದಲ್ಲಿ ಪಡೆದ ರಾಸುವಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿಸಿಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಬದುಕಿರುವಾಗಲೇ ವಹಿಸಿಕೊಡುವ ಪ್ರಸಂಗಗಳೂ ಇವೆ. ಅಣ್ಣ ಬೆಂಗಳೂರಿಗೆ ಹೋಗುತ್ತಾನೆ, ಕೊಟ್ಟಿಗೆಯನ್ನು ತಮ್ಮನಿಗೆ ಬಿಡುತ್ತಾನೆ. ತಮ್ಮ ಕರೆದ ಹಾಲಿಗೆ ಅಣ್ಣನ ಖಾತೆಗೆ ಹಣ ಬೀಳುತ್ತದೆ. ಮೊದಲ ವರ್ಷ ಪ್ರೀತಿಯಿಂದ ಕಳುಹಿಸುತ್ತಾನೆ. ಅತ್ತಿಗೆ ಮೈದುನರ ನಡುವೆ ಒಂದು ಮಾತು ಬಂದರೆ ಮುಗಿಯಿತು. ಪಾಲುಪಟ್ಟಿಯಲ್ಲಿ ಜಮೀನಿನ ಗುಂಟೆಗಳನ್ನು ಬರೆಯುವವರು ಹಸುಗಳ ಕಿವಿಯೋಲೆ ಸಂಖ್ಯೆಯನ್ನೂ ಬರೆದರೆ ಅರ್ಧ ಜಗಳ ತಪ್ಪುತ್ತದೆ.

ಇದರಲ್ಲಿ ಪಂಚಾಯಿತಿ ಸದಸ್ಯರ ಪಾತ್ರವೇನೆಂದು ತಾವು ಕೇಳಬಹುದು. ಸಂಘ, ಬ್ಯಾಂಕು, ವಿಮಾ ಕಂಪನಿ ಯಾವುದೂ ತಮ್ಮ ಅಧೀನದಲ್ಲಿಲ್ಲ, ನಿಜ. ಆದರೆ ಸಾವಿನ ಸುದ್ದಿ ಮೊದಲು ತಲುಪುವುದು ತಮಗೆ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮರಣ ಪತ್ರವಿಲ್ಲದೆ ವಂಶವೃಕ್ಷವಿಲ್ಲ, ವಂಶವೃಕ್ಷವಿಲ್ಲದೆ ಮುಂದಿನ ಬಾಗಿಲು ತೆರೆಯದು. ಕರ್ನಾಟಕ ಭೂಕಂದಾಯ ಅಧಿನಿಯಮದ 128ನೇ ಪ್ರಕರಣವು ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆನ್ನುತ್ತದೆ. ಆ ಅರ್ಜಿ ಬರೆಸುವ ದಿನವೇ ಸಂಘಕ್ಕೊಂದು, ಪಶು ಚಿಕಿತ್ಸಾಲಯಕ್ಕೊಂದು, ವಿಮಾ ಕಂಪನಿಗೊಂದು ಅರ್ಜಿಯನ್ನು ಬರೆಸಬಹುದಲ್ಲವೇ? ಹೊಸ ಯಜಮಾನರಿಗೆ ಫ್ರೂಟ್ಸ್ ಸಂಖ್ಯೆ ಇದೆಯೇ ಎಂದು ವಿಚಾರಿಸಬಹುದು. ಕೊಟ್ಟಿಗೆಯ ಕಟ್ಟಡ ಪಂಚಾಯಿತಿ ಖಾತೆಯಲ್ಲಿದ್ದರೆ ಅದರ ಬದಲಾವಣೆ ತಮ್ಮ ಕಚೇರಿಯ ಕೆಲಸವೇ.

ಮಹಿಳಾ ಸದಸ್ಯರಲ್ಲಿ ನನ್ನದೊಂದು ವಿಶೇಷ ಕೋರಿಕೆ. ತಮ್ಮ ವಾರ್ಡಿನಲ್ಲಿ ಡೇರಿಗೆ ಹಾಲು ಹಾಕುವ ಮನೆಗಳ ಪಟ್ಟಿ ಮಾಡಿ, ಹಾಲು ಕರೆಯುವವರು ಯಾರು, ಪುಸ್ತಕದಲ್ಲಿ ಹೆಸರು ಯಾರದು ಎಂದು ಎರಡು ಕಾಲಮು ಬರೆಯಿರಿ. ಎರಡೂ ಹೆಸರು ಬೇರೆಯಾಗಿರುವ ಮನೆಗಳಲ್ಲಿ ಯಜಮಾನರು ಆರೋಗ್ಯವಾಗಿರುವಾಗಲೇ ಸದಸ್ಯತ್ವವನ್ನು ಹೆಂಡತಿಯ ಹೆಸರಿಗೆ ಮಾಡಿಸಲು, ಅದು ಒಪ್ಪಿಗೆಯಾಗದಿದ್ದರೆ ನಾಮನಿರ್ದೇಶನವನ್ನಾದರೂ ಸರಿಪಡಿಸಲು ಮಾತನಾಡಿ. ಕೆಲವು ಮನೆಗಳಲ್ಲಿ ಈ ಮಾತನ್ನು ಅಪಶಕುನವೆಂದು ಭಾವಿಸುವರು. ಆಗ ನಾನು ಮೇಲೆ ಹೇಳಿದ ಆ ಹೆಣ್ಣುಮಗಳ ಪ್ರಸಂಗವನ್ನು ಹೇಳಬಹುದು. ಊರಿನ ಹೆಸರನ್ನು ನಾನು ಹೇಳಿಲ್ಲ, ತಾವೂ ಕೇಳಬೇಡಿ.

ಅರ್ಜಿಗಳ ಮಾದರಿಯನ್ನು ಊಟದ ವಿರಾಮದಲ್ಲಿ ಹಂಚಲಾಗುವುದು. ಪ್ರಶ್ನೆಗಳಿದ್ದಲ್ಲಿ ಈಗ ಕೇಳಬಹುದು.