ಬಸ್ಸಿನ ಚಾರ್ಜೂ ಕಾಯುವ ಹೊತ್ತೂ



ಬೀದರ ತಾಲ್ಲೂಕಿನ ಮನ್ನಳ್ಳಿಯವರಿಗೆ ಜಿಲ್ಲಾ ಕಚೇರಿ, ದೊಡ್ಡ ಆಸ್ಪತ್ರೆ, ಗಂಜು ಇವೆಲ್ಲಕ್ಕೂ ಬೀದರವೇ ಗತಿ. ಇಂಥ ಊರುಗಳ ದಾರಿಯಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಬಸ್ಸಿನಲ್ಲಿ ಕಾಸಿಲ್ಲದೆ ಹೋಗಬಲ್ಲ ಹೆಂಗಸು ಕಾಸು ಕೊಟ್ಟು ಟಂಟಂ ಗಾಡಿಯಲ್ಲಿ ಇಕ್ಕಟ್ಟಾಗಿ ಕುಳಿತು ಹೋಗುವಳು. ಇದು ದುಂದೇ? ಅಲ್ಲವೆಂದು ನಮ್ಮ ಮತ.

ಈ ಸೀಮೆಗೆ ಸರ್ಕಾರಿ ಬಸ್ಸು ಹೊಸದಲ್ಲ. ನಿಜಾಮ ಸರ್ಕಾರವು ತನ್ನ ರೈಲ್ವೆಯ ಅಂಗವಾಗಿಯೇ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. ರೈಲನ್ನು ನಡೆಸುವವರೇ ಮೋಟಾರನ್ನೂ ನಡೆಸಿದರೆ ಒಂದರ ವೇಳೆಗೆ ಇನ್ನೊಂದನ್ನು ಹೊಂದಿಸುವುದು ಸುಲಭವಷ್ಟೆ. 1956ರಲ್ಲಿ ಬೀದರವು ಕನ್ನಡ ರಾಜ್ಯಕ್ಕೆ ಸೇರಿತು. ಈಗ ಇಲ್ಲಿಯ ಸರ್ಕಾರಿ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಶಕ್ತಿ ಯೋಜನೆಯಂತೆ 2023ರ ಜೂನ್ 11ರಿಂದ ರಾಜ್ಯದ ಸ್ತ್ರೀಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಚಾರ್ಜಿಲ್ಲ. ಉಳಿದವರ ಚಾರ್ಜು 2025ರ ಜನವರಿ 5ರಿಂದ ನೂರಕ್ಕೆ 15ರಂತೆ ಏರಿತು.

ಆದರೆ ಪ್ರಯಾಣಿಕನು ತೆರುವುದು ಟಿಕೀಟಿನ ಹಣವೊಂದನ್ನೇ ಅಲ್ಲ. ಕೂಲಿಗೆ ಹೊರಟವಳು ಹೊತ್ತು ಮೀರಿ ತಲಪಿದರೆ ಅಂದಿನ ಕೂಲಿಯೇ ಹೋಯಿತು. ಉಚಿತವಾದ ಬಸ್ಸು ಅವಳಿಗೆ ಎಲ್ಲಕ್ಕಿಂತ ತುಟ್ಟಿಯಾದ ಬಸ್ಸು! ಟಂಟಂ ಸಹ ತುಂಬುವವರೆಗೆ ಹೊರಡದು, ನಿಜ. ಆದರೂ ಎದುರಿಗೆ ನಿಂತ ಗಾಡಿಯನ್ನು ಕಂಡರೆ ಮನಸ್ಸಿಗೊಂದು ಧೈರ್ಯ. ಬಾರದ ಬಸ್ಸಿನ ದಾರಿ ನೋಡುವವನಿಗೆ ಅದಿಲ್ಲ. ಮನೆಯ ಬಾಗಿಲಲ್ಲಿಯೇ ಮೂಟೆ ಇಳಿಸಿಕೊಡುವ ಉಪಕಾರ ಬೇರೆ.

ಹಾಗೆಂದು ಅದರ ಅಪಾಯವನ್ನು ಮರೆಮಾಚಲಾರೆವು. 1988ರ ಮೋಟಾರು ವಾಹನಗಳ ಕಾಯಿದೆಯು ಒಟ್ಟಾಗಿ ಗೊತ್ತುಮಾಡಿದ ಬಾಡಿಗೆಯ ಗಾಡಿಯನ್ನೂ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವ ಗಾಡಿಯನ್ನೂ ಬೇರೆಬೇರೆಯಾಗಿ ಎಣಿಸಿದೆ. ಅನುಮತಿಗೆ ಮೀರಿ ಜನರನ್ನು ತುಂಬಿದ ವಾಹನಕ್ಕೆ ಅಪಘಾತವಾದರೆ ವಿಮೆಯವರ ಹೊಣೆಯು ವಿಮೆಯಾದ ಆಸನಗಳ ಸಂಖ್ಯೆಗೆ ಮಿತವೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ತೀರ್ಪಿತ್ತಿದೆ. ಚಾಲಕನ ಪಕ್ಕದ ಹಲಗೆಯ ತುದಿಯಲ್ಲಿ ಕುಳಿತವನು ಇದನ್ನು ಯೋಚಿಸಬೇಕು. ಆದರೆ ಬೇರೆ ಗಾಡಿ ಇಲ್ಲದವನಿಗೆ ಯೋಚಿಸಿ ಫಲವೇನು?

ಪೊಲೀಸರು ಟಂಟಂಗಳನ್ನು ಹಿಡಿದು ದಂಡ ಹಾಕಿದ ಮಾತ್ರಕ್ಕೆ ಬಸ್ಸು ಬಂದಂತಾಗದು. ಚಾರ್ಜನ್ನು ಇನ್ನೂ ಇಳಿಸಿರೆಂದು ಕೇಳುವುದಕ್ಕಿಂತ, ಮುಂಜಾನೆ ಕೆಲಸದ ಹೊತ್ತಿಗೂ ಸಂಜೆ ಕಾಲೇಜು ಬಿಡುವ ಹೊತ್ತಿಗೂ ತಪ್ಪದ ಬಸ್ಸನ್ನು, ಸಂತೆಯ ದಿನ ಮತ್ತೊಂದನ್ನು ಕೇಳುವುದು ಲೇಸು. ನಿಲ್ದಾಣದ ಗೋಡೆಯ ಮೇಲೆ ಕಡೆಯ ಬಸ್ಸಿನ ವೇಳೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಲು ಹೆಚ್ಚು ವೆಚ್ಚವೂ ಬೀಳದು.