ಗಡಿಯಿಂದ ಗೋಪುರಕ್ಕೆ: ಕೊರಿಯಾದಲ್ಲಿ ಒಂದು ದಿನ



ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹೋದವರು ಒಂದೇ ದಿನದಲ್ಲಿ ಎರಡು ಜಾಗಗಳನ್ನು ನೋಡಿ ಬರಬಹುದು. ಬೆಳಿಗ್ಗೆ ಉತ್ತರದಲ್ಲಿ ಸುಮಾರು 50 ಕಿಲೋಮೀಟರ್ ದೂರದ ಗಡಿಪ್ರದೇಶ. ಮಧ್ಯಾಹ್ನ ನಗರದ ದಕ್ಷಿಣಕ್ಕಿರುವ ಗ್ವಾಚೊನ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯ. ಯುದ್ಧಭೂಮಿಗೂ ಕಲಾಶಾಲೆಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ನನ್ನ ವೃತ್ತಿಯವರಿಗೆ ಆ ಸಂಬಂಧ ಕಾಣುವುದು ಟೆಲಿವಿಷನ್ನಿನಲ್ಲಿ.

ಮೊದಲು ಗಡಿ. 1950ರ ಜೂನ್‌ನಲ್ಲಿ ಆರಂಭವಾದ ಯುದ್ಧ 1953ರ ಜುಲೈ 27ರ ಕದನವಿರಾಮದಿಂದ ನಿಂತಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ಸುಮಾರು 250 ಕಿಲೋಮೀಟರ್ ಉದ್ದದ ಗಡಿರೇಖೆಯ ಎರಡೂ ಬದಿಗೆ ಎರಡೆರಡು ಕಿಲೋಮೀಟರ್ ಜಾಗವನ್ನು ಸೈನ್ಯರಹಿತ ವಲಯ ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದರ ಅಂಚಿನುದ್ದಕ್ಕೂ ಇರುವಷ್ಟು ಸೈನ್ಯ ಲೋಕದಲ್ಲಿ ಬೇರೆಡೆ ಇರುವುದು ಅಪರೂಪ.

ಪಾಸ್‌ಪೋರ್ಟ್ ತೋರಿಸಿದ ಮೇಲೆ ಮಾರ್ಗದರ್ಶಿಯೊಡನೆ ಬಸ್ಸು ಒಳಗೆ ಹೋಗುತ್ತದೆ. ಅಲ್ಲಿ 1978ರಲ್ಲಿ ಪತ್ತೆಯಾದ 'ಮೂರನೆಯ ಸುರಂಗ' ಇದೆ. ಉತ್ತರದವರು ನೆಲದಡಿ 73 ಮೀಟರ್ ಆಳದಲ್ಲಿ ಕೊರೆದದ್ದು. ಉದ್ದ 1,635 ಮೀಟರ್. ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಗ್ಗಿ ನಡೆಯಬೇಕು. ಇದು ಹಳೆಯ ಕಲ್ಲಿದ್ದಲು ಗಣಿ ಎಂಬ ನೆಪಕ್ಕಾಗಿ ಗೋಡೆಗೆ ಕಪ್ಪು ಬಳಿದಿದ್ದರು ಎಂದು ದಕ್ಷಿಣದವರು ವಿವರಿಸುತ್ತಾರೆ. ಆದರೆ ಬಂಡೆ ಗ್ರಾನೈಟ್. ಶಿಲಾರಸ ತಣಿದು ಆದದ್ದು ಗ್ರಾನೈಟ್, ಗಿಡಮರಗಳು ಕೊಳೆತು ಹೂತು ಆದದ್ದು ಕಲ್ಲಿದ್ದಲು. ಹೈಸ್ಕೂಲಿನ ಭೂವಿಜ್ಞಾನವೊಂದೇ ಸಾಕು, ಸುಳ್ಳನ್ನು ಹಿಡಿಯಲು!

ಈ ವಲಯದಲ್ಲಿ ಒಬ್ಬ ಕನ್ನಡನಾಡಿನವರನ್ನು ನೆನೆಯಲೇಬೇಕು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಇಲ್ಲಿಗೆ ಬಂದರು. ತಮ್ಮ ಕಡೆಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಭಾರತದ ಮೇಲಿತ್ತು. ನಮ್ಮ ಸೈನಿಕರು ತನ್ನ ನೆಲವನ್ನು ಮೆಟ್ಟಲು ದಕ್ಷಿಣ ಕೊರಿಯಾ ಸರ್ಕಾರ ಬಿಡಲಿಲ್ಲ. ಹಡಗಿನಿಂದ ನೇರವಾಗಿ ಹೆಲಿಕಾಪ್ಟರಿನಲ್ಲಿ ವಲಯಕ್ಕೆ ಇಳಿಸಬೇಕಾಯಿತು. ಕೈದಿಯನ್ನು ಗುಡಾರದಲ್ಲಿ ಕೂರಿಸಿ, ಅವನ ಕಡೆಯವರು ಮನವೊಲಿಸುವರು. ಆಮೇಲೆ ಆಯ್ಕೆ ಅವನದು. ಅನೇಕರು ಗುಡಾರಕ್ಕೆ ಬರಲೇ ಒಪ್ಪಲಿಲ್ಲ. ಕೊನೆಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ 76 ಕೊರಿಯನ್ನರೂ 12 ಚೀನೀಯರೂ 1954ರಲ್ಲಿ ನಮ್ಮ ಸೈನಿಕರೊಡನೆ ಹಡಗು ಹತ್ತಿ ಭಾರತಕ್ಕೆ ಬಂದರು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ತಾಯಿಯ ಮುಖವನ್ನು ಇನ್ನೆಂದೂ ಕಾಣದಿರುವ ಸಾಧ್ಯತೆಯನ್ನು ಒಪ್ಪಿಕೊಂಡು ಹಡಗು ಹತ್ತುವುದೆಂದರೇನು, ನೀವೇ ಯೋಚಿಸಿ.

ಅವರಿಗಾದರೂ ಆಯ್ಕೆಯಿತ್ತು. ಯುದ್ಧದ ಗದ್ದಲದಲ್ಲಿ ಕೈತಪ್ಪಿದ ಮಕ್ಕಳಿಗೆ ಅದೂ ಇರಲಿಲ್ಲ. 1983ರ ಜೂನ್ 30ರಂದು ಅಲ್ಲಿನ ಸರ್ಕಾರಿ ವಾಹಿನಿ ಕೆಬಿಎಸ್, ಅಗಲಿದ ಬಂಧುಗಳನ್ನು ಹುಡುಕುವ ನೇರಪ್ರಸಾರವನ್ನು ಆರಂಭಿಸಿತು. 95 ನಿಮಿಷದ ಕಾರ್ಯಕ್ರಮ ಎಂದು ಯೋಜಿಸಿದ್ದು 138 ದಿನ, ಒಟ್ಟು 453 ಗಂಟೆ 45 ನಿಮಿಷ ಬೆಳೆಯಿತು! ವಾಹಿನಿಯ ಕಟ್ಟಡದ ಗೋಡೆಗಳ ಮೇಲೆಲ್ಲ ಜನ ಚೀಟಿ ಅಂಟಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಂದಾದವು. ಗಮನಿಸಿ, ಸಿಕ್ಕವರು ಗಡಿಯಾಚೆಯವರಲ್ಲ. ಮೂವತ್ತು ವರ್ಷ ದಕ್ಷಿಣದಲ್ಲೇ ಇದ್ದೂ ಒಬ್ಬರಿಗೊಬ್ಬರು ತಿಳಿಯದವರು. ಆಚೆಯವರಿಗೆ ಕ್ಯಾಮರಾ ತಲುಪಲಿಲ್ಲ.

ಕ್ಯಾಮರಾ ತಲುಪದಿದ್ದರೂ ತರಂಗಗಳಿಗೆ ತಂತಿಬೇಲಿ ಅಡ್ಡಿಯಲ್ಲವಲ್ಲ ಎನ್ನುವಿರಿ. ನಿಜ. ಆದರೆ ದಕ್ಷಿಣದವರು ಬಣ್ಣದ ಪ್ರಸಾರಕ್ಕೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯನ್ನು ಆರಿಸಿಕೊಂಡರು, ಉತ್ತರದವರು ಪಾಲ್ ಪದ್ಧತಿಯನ್ನು. 1982ರಲ್ಲಿ ಬಣ್ಣಕ್ಕೆ ತಿರುಗಿದ ನಮ್ಮ ದೂರದರ್ಶನ ಆರಿಸಿಕೊಂಡದ್ದೂ ಪಾಲನ್ನೇ. ಒಂದರಲ್ಲಿ ಚಿತ್ರಕ್ಕೆ 525 ಗೆರೆ, ಇನ್ನೊಂದರಲ್ಲಿ 625. ಬಣ್ಣವನ್ನು ಅಡಗಿಸಿಡುವ ಕ್ರಮವೂ ಬೇರೆ. ಒಂದು ಪದ್ಧತಿಗೆಂದೇ ಮಾಡಿದ ಪೆಟ್ಟಿಗೆಗೆ ಇನ್ನೊಂದರ ಸಂಕೇತ ಬಂದರೆ ಬಣ್ಣ ಮೂಡುವುದಿಲ್ಲ, ಚಿತ್ರ ಉರುಳತೊಡಗುತ್ತದೆ. ದಕ್ಷಿಣದಲ್ಲಿ ಆ ಹಳೆಯ ಪ್ರಸಾರ 2012ರ ಕೊನೆಗೆ ನಿಂತಿತು. ಅಲ್ಲಿಯವರೆಗೂ ಗಡಿ ಮನೆಮನೆಯ ಪೆಟ್ಟಿಗೆಯೊಳಗೂ ಇತ್ತು.

ಈ ಪೆಟ್ಟಿಗೆಯ ಒಡಲನ್ನೇ ಕಲೆಯಾಗಿಸಿದವರು ನಾಮ್ ಜೂನ್ ಪಾಯಿಕ್. 1932ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಅವರ ಕುಟುಂಬವೂ ಯುದ್ಧದ ಕಾಲದಲ್ಲಿ ದೇಶ ಬಿಟ್ಟದ್ದೇ. 1965ರಲ್ಲಿ ಅವರು ಟಿ.ವಿ.ಯ ಮೇಲೆ ದೊಡ್ಡ ಅಯಸ್ಕಾಂತವನ್ನಿಟ್ಟರು. ಪಿಕ್ಚರ್ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ ಕಾಂತಕ್ಷೇತ್ರದಲ್ಲಿ ಬಾಗುತ್ತದೆಂದು ನೀವು ಓದಿದ್ದೀರಿ; ಪರದೆಯ ಮೇಲೆ ಬೆಳಕಿನ ಸುಳಿಯೇ ಎದ್ದಿತು. (ಮನೆಯ ಹಳೆಯ ಬಣ್ಣದ ಟಿ.ವಿ.ಗೆ ಈ ಪ್ರಯೋಗ ಬೇಡ. ಬಣ್ಣ ಕೆಟ್ಟರೆ ಬೈಗುಳ ನನಗೆ ಬರುತ್ತದೆ.)

ಗ್ವಾಚೊನ್ ಸಂಗ್ರಹಾಲಯದ ನಡುವೆ ಅವರ 18.5 ಮೀಟರ್ ಎತ್ತರದ ಟಿ.ವಿ. ಗೋಪುರ ನಿಂತಿದೆ. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಬೆಳಗಿದ್ದು. ಅದರಲ್ಲಿ 1,003 ಪರದೆಗಳು. ಈ ಸಂಖ್ಯೆ ಅಕ್ಟೋಬರ್ 3ನ್ನು ಸೂಚಿಸುತ್ತದೆ, ಅಂದರೆ ಕೊರಿಯಾ ನಾಡು ಹುಟ್ಟಿತೆಂದು ಐತಿಹ್ಯ ಹೇಳುವ ದಿನ. ಆ ಐತಿಹ್ಯ ಉತ್ತರ, ದಕ್ಷಿಣ ಎಂಬ ಭೇದಕ್ಕಿಂತ ಎಷ್ಟೋ ಹಳೆಯದು.

ಪಾಯಿಕ್ 2006ರಲ್ಲಿ ತೀರಿಕೊಂಡರು. 2018ರಲ್ಲಿ ಸುರಕ್ಷತೆಗಾಗಿ ಗೋಪುರವನ್ನೂ ಆರಿಸಬೇಕಾಯಿತು. ಪಿಕ್ಚರ್ ಟ್ಯೂಬು ಮಾಡುವವರೇ ಉಳಿದಿರಲಿಲ್ಲ. 737 ಪರದೆಗಳನ್ನು ಹಳೆಯ ಟ್ಯೂಬುಗಳಲ್ಲೇ ಸರಿಪಡಿಸಿ, ಮೇಲಿನ 266 ಪರದೆಗಳಿಗೆ ಚಪ್ಪಟೆ ಎಲ್‌ಸಿಡಿ ಹಾಕಿ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೊತ್ತಿಸಿದರು. ಆಯುಸ್ಸು ಉಳಿಸಲು ದಿನಕ್ಕೆ ಕೆಲವೇ ಗಂಟೆ ಉರಿಸುತ್ತಾರೆ, ಎಲ್ಲ ದಿನವೂ ಅಲ್ಲ. ಹೋಗುವವರು ಆ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಸೋಮವಾರವಂತೂ ಬೇಡ, ಅಂದು ಸುರಂಗಕ್ಕೂ ಸಂಗ್ರಹಾಲಯಕ್ಕೂ ರಜೆ.