ರಾಮೋತ್ಸವದ ಸಂಗೀತವೂ ಸಣ್ಣ ಆಸೆಗಳೂ

ಯುಗಾದಿಯ ಬೇವುಬೆಲ್ಲದ ರುಚಿ ನಾಲಗೆಯಿಂದ ಮರೆಯಾಗುವ ಮೊದಲೇ ನಮ್ಮ ಮೈಸೂರು ಸೀಮೆಯ ಊರುಗಳಲ್ಲಿ ರಾಮೋತ್ಸವದ ಚಪ್ಪರಗಳು ಏಳತೊಡಗುತ್ತವೆ. ಚೈತ್ರ ಶುದ್ಧ ಪಾಡ್ಯದಿಂದ ನವಮಿಯವರೆಗೆ ಗರ್ಭೋತ್ಸವ. ನವಮಿಯಿಂದ ಮುಂದಕ್ಕೆ ಜನ್ಮೋತ್ಸವ. ಎರಡಕ್ಕೂ ಸಂಗೀತ ಬೇಕು. ಉಳಿದವರಿಗೆ ಬೇಸಗೆಯೆಂದರೆ ಬೆವರು ಬೀಸಣಿಗೆಗಳ ಕಾಲವಾದರೆ, ಸಂಗೀತದ ಹುಚ್ಚು ಹಿಡಿದವರಿಗೆ ಅದೇ ವರ್ಷದ ಸುಗ್ಗಿ. ಇದಕ್ಕೆ ಕಾರಣವಿಲ್ಲದಿಲ್ಲ. ಹೊಲದ ಕೆಲಸ ಮುಗಿದಿರುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಇಲ್ಲವೆ ಮುಗಿಯುತ್ತ ಬಂದಿರುತ್ತದೆ. ಹಗಲು ಎಷ್ಟೇ ಸುಟ್ಟರೂ ಹೊತ್ತು ಮುಳುಗಿದ ಮೇಲೆ ಬಯಲಿನಲ್ಲಿ ತುಸು ಗಾಳಿಯಾಡುತ್ತದೆ. ಮುಂಗಾರಿಗೆ ಇನ್ನೂ ದಿನಗಳಿರುತ್ತವೆ. ಶ್ರೀರಾಮನು ಹುಟ್ಟಿದ್ದು ನಡುಹಗಲಿನಲ್ಲಾದರೂ ಅವನ ಹೆಸರಿನ ಸಂಗೀತವೆಲ್ಲ ಸಂಜೆಯ ತಂಪಿಗೆ ಸೇರಿದ್ದು.

ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಗಾಯಕರಾಗಿ ಸಂಪಾದಿಸಿದ್ದನ್ನು ಶ್ರೀ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸುವುದಕ್ಕೆ ವಿನಿಯೋಗಿಸಿ, ಅಲ್ಲಿ ರಾಮನ ಸೇವೆಯನ್ನೂ ಸಂಗೀತದ ಸೇವೆಯನ್ನೂ ಒಂದೇ ಆಗಿ ನಡೆಸಿದರು. ಅವರು 1931ರಲ್ಲಿ ತೀರಿಕೊಂಡರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಉತ್ಸವವು ಬೆಳೆದು ದೊಡ್ಡದಾಯಿತು. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದರು. ಇವು ಹೆಸರಾದ ಉತ್ಸವಗಳು. ಇವುಗಳ ಜೊತೆಗೆ, ಪತ್ರಿಕೆಗಳಲ್ಲಿ ಹೆಸರು ಕಾಣದ ಬೀದಿಬೀದಿಯ ರಾಮಮಂದಿರಗಳಲ್ಲಿ, ಭಜನೆಯ ಮನೆಗಳಲ್ಲಿ ಹತ್ತಾರು ಜನರೆದುರು ನಡೆದುಹೋಗುವ ಕಚೇರಿಗಳೆಷ್ಟೋ!

ಈ ಉತ್ಸವಗಳಿಗೆ ಹೋಗುವವರೆಲ್ಲ ಸಂಗೀತಕ್ಕಾಗಿಯೇ ಹೋಗುತ್ತಾರೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ಚಪ್ಪರದ ಒಂದು ಮೂಲೆಯಲ್ಲಿ ವಿದ್ವಾಂಸರು ಶ್ರುತಿ ಸೇರಿಸುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಹಂಡೆಯೊಳಗೆ ಬೆಲ್ಲ ಕರಗುತ್ತಿರುತ್ತದೆ. ಏಲಕ್ಕಿ, ಶುಂಠಿ, ಮೆಣಸುಗಳ ಪರಿಮಳವು ಯಾವ ಮಂದ್ರಸ್ಥಾಯಿಗೂ ಸೋಲದಂತೆ ಕೊನೆಯ ಸಾಲಿನವರೆಗೆ ಬಂದು ಮುಟ್ಟುತ್ತದೆ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿಯ ಚೂರು, ತೆಂಗಿನ ತುರಿ, ಕೊತ್ತಂಬರಿ ಸೊಪ್ಪು, ತುಸು ಮಾವಿನಕಾಯಿ ಬೆರೆಸಿ, ಮೇಲೆ ಸಾಸುವೆ ಇಂಗುಗಳ ಒಗ್ಗರಣೆಯನ್ನು ಸುರಿದಾಗ ಬರುವ ಆ ಚುರ್ ಎಂಬ ಸದ್ದಿಗೆ ಯಾವ ತಾಳದ ಲೆಕ್ಕವೂ ಇಲ್ಲ. ಆದರೆ ಅದಕ್ಕೆ ತಲೆದೂಗದವರೂ ಇಲ್ಲ. ಚಪ್ಪರದ ಹೊರಗೆ ಉಪ್ಪುಕಾರ ಸವರಿದ ಸೌತೆಕಾಯಿಯವನು, ಹುರಿದ ಕಡಲೆಕಾಯಿಯವನು, ಮಲ್ಲಿಗೆಯ ಮಾಲೆಯವಳು ಇದ್ದೇ ಇರುತ್ತಾರೆ. ಮನುಷ್ಯನಿಗೆ ಕಿವಿಗಳು ಎರಡೇ, ಆಸೆಗಳಿಗೆ ಲೆಕ್ಕವಿಲ್ಲ.

ಈ ಆಸೆಗಳಲ್ಲಿ ದೋಷವನ್ನು ಹುಡುಕುವ ಗಂಭೀರ ರಸಿಕರಿದ್ದಾರೆ. ಅವರ ಮಾತು ಒಂದು ಸಂದರ್ಭಕ್ಕೆ ಸಲ್ಲುತ್ತದೆಂದು ನಾನೂ ಒಪ್ಪುತ್ತೇನೆ. ಗಾಯಕರು ಕೃತಿಯನ್ನೂ ಸ್ವರಗಳನ್ನೂ ಮುಗಿಸಿ ಮೃದಂಗದ ಕಡೆಗೆ ಕೈತೋರಿದೊಡನೆಯೇ, ಅದುವರೆಗೆ ಅಲುಗಾಡದೆ ಕುಳಿತಿದ್ದ ಜನ ತಟ್ಟನೆ ಏಳುತ್ತಾರೆ. ತನಿ ಆವರ್ತನವೆಂದರೆ ಎದ್ದುಹೋಗುವುದಕ್ಕೆ ಕೊಟ್ಟ ಸಂಕೇತವೆಂದೇ ಎಷ್ಟೋ ಮಂದಿ ಬಗೆದಿದ್ದಾರೆ. ಮೃದಂಗದವನ ಪಾಡನ್ನು ನೋಡಿ. ಬೇಸಗೆಯ ಒಣಹವೆಗೆ ಚರ್ಮ ಬಿಗಿದುಕೊಂಡು ಶ್ರುತಿ ಏರಿರುತ್ತದೆ. ಎಡಮುಖಕ್ಕೆ ಮೆತ್ತಿದ ರವೆಯ ಕಣಕ ಒಣಗಿ, ಗಳಿಗೆಗೊಮ್ಮೆ ನೀರು ಸವರಬೇಕಾಗಿರುತ್ತದೆ. ಎರಡು ಗಂಟೆಯ ಕಾಲ ಇನ್ನೊಬ್ಬರ ಹಾಡಿಗೆ ತನ್ನ ವಿದ್ಯೆಯನ್ನೆಲ್ಲ ಒತ್ತಾಸೆಯಾಗಿ ಕೊಟ್ಟವನಿಗೆ ತನ್ನದೆಂದು ಹೇಳಿಕೊಳ್ಳಲು ದೊರೆತ ಹೊತ್ತು ಅದೊಂದೇ. ಆ ಹೊತ್ತಿನಲ್ಲಿ ಅವನು ತಲೆಯೆತ್ತಿದರೆ ಎದುರಿಗೆ ಕಾಣುವುದು ಪಾನಕದ ಹಂಡೆಯ ಕಡೆಗೆ ನಡೆಯುವವರ ಬೆನ್ನು! ಒಂದು ಸಂಜೆ, ಇನ್ನೂ ಮೀಸೆ ಮೂಡದ ಹುಡುಗನೊಬ್ಬ ಹೀಗೆ ಖಾಲಿಯಾಗುತ್ತಿದ್ದ ಜಮಖಾನದೆದುರು ತನಿ ನುಡಿಸುತ್ತಿದ್ದ. ಮೊದಲನೆಯ ಸಾಲಿನಲ್ಲಿ ಮುದುಕರೊಬ್ಬರು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿದ್ದರು. ಹುಡುಗ ಉಳಿದವರನ್ನು ನೋಡುವುದನ್ನು ಬಿಟ್ಟು ಆ ಕೈಯೊಂದನ್ನೇ ನೋಡಿ ನುಡಿಸಿದ. ಮುಕ್ತಾಯದ ಮೋರಾ ಆ ಕೈಯ ಸಮಕ್ಕೆ ಸರಿಯಾಗಿ ಬಂದು ಕೂತಿತು. ಪಾನಕ ಹತ್ತು ನಿಮಿಷ ಕಾಯುತ್ತದೆ. ಹಂಡೆಗೆ ಬೇಸರವಿಲ್ಲ, ಹುಡುಗನಿಗೆ ಉಂಟು.

ಆದರೆ ನಾಲಗೆಯ ಆಸೆ ಕಣ್ಣಿಗೆ ಕಾಣುವಂಥದು. ಆದ್ದರಿಂದ ಅದನ್ನು ತಿದ್ದುವುದು ಸುಲಭ. ಕುಳಿತ ಸ್ಥಳದಿಂದ ಅಲುಗದೆಯೇ ಸಂಗೀತದಿಂದ ಎದ್ದುಹೋಗುವ ಇನ್ನೊಂದು ಬಗೆಯಿದೆ. ಅದು ನೆನಪಿನ ಆಸೆ.

ಆಲಾಪನೆ ಆರಂಭವಾಗಿ ನಾಲ್ಕು ಸ್ವರಗಳು ಕೇಳಿದವೋ ಇಲ್ಲವೋ, ಪಕ್ಕದವರ ಕಿವಿಗೆ ಬಾಗಿ ರಾಗದ ಹೆಸರನ್ನು ಉಸುರುವ ಚಪಲ ನಮ್ಮಲ್ಲಿ ಯಾರಿಗಿಲ್ಲ? ಗಾಯಕರು ಷಡ್ಜದಿಂದ ರಿಷಭ, ಗಾಂಧಾರ, ಪಂಚಮ, ಧೈವತಗಳ ಮೇಲೆ ಹತ್ತಿ ತಾರಷಡ್ಜವನ್ನು ಮುಟ್ಟುತ್ತಾರೆ. ಮಧ್ಯಮವಿಲ್ಲ, ನಿಷಾದವಿಲ್ಲ. ‘ಮೋಹನ!’ ಎಂದು ನೆನಪು ಒಳಗಿನಿಂದ ಕೂಗುತ್ತದೆ. ಹೆಸರು ಸಿಕ್ಕಿದ ಸಂತೋಷದಲ್ಲಿ ಕಿವಿ ವಿಶ್ರಾಂತಿಗೆ ತೆರಳುತ್ತದೆ. ಅಷ್ಟರಲ್ಲಿ ಗಾಯಕರು ಇಳಿಯತೊಡಗುತ್ತಾರೆ. ಇಳಿಯುವಾಗ ನಿಷಾದವೂ ಮಧ್ಯಮವೂ ಮೆಲ್ಲನೆ ಮುಖ ತೋರಿಸುತ್ತವೆ. ಅದು ಬಿಲಹರಿ! ಹತ್ತುವಾಗ ಮೋಹನದ ಮೆಟ್ಟಿಲು, ಇಳಿಯುವಾಗ ಶಂಕರಾಭರಣದ ಮೆಟ್ಟಿಲು. ಹೆಸರಿಟ್ಟು ಮುಗಿಸಿದವನಿಗೆ ಇಳಿಯುವ ದಾರಿಯ ಚೆಲುವು ಕಾಣುವುದೇ ಇಲ್ಲ, ಕಾಯುತ್ತಿದ್ದವನಿಗೆ ಕಾಣುತ್ತದೆ. ರಾಗದ ಹೆಸರು ತಿಳಿದಿರುವುದು ಒಳ್ಳೆಯದೇ. ಶಂಕರಾಭರಣದ ಮಧ್ಯಮವೊಂದನ್ನು ಬದಲಿಸಿದರೆ ಕಲ್ಯಾಣಿಯಾಗುತ್ತದೆಂದು ಬಲ್ಲವನಿಗೆ, ಆ ಒಂದು ಸ್ವರ ಬಂದೊಡನೆ ಲೋಕವೇ ಬೇರೆಯಾಗುವ ಸುಖವುಂಟು. ಆದರೆ ಆ ತಿಳಿವಳಿಕೆಯು ಬಾಗಿಲು ತೆರೆಯುವುದಕ್ಕೆ ಬಳಕೆಯಾಗಬೇಕೇ ಹೊರತು ಮುಚ್ಚುವುದಕ್ಕಲ್ಲ.

ಇದಕ್ಕಿಂತಲೂ ಆಳವಾದ ಆಸೆ ‘ಆ ಕಾಲ’ದ್ದು. ‘ಇವರ ಭೈರವಿ ಇರಲಿ, ಅವರ ಭೈರವಿಯನ್ನು ಕೇಳಬೇಕಾಗಿತ್ತು!’ ಎಂಬ ಮಾತು ಪ್ರತಿಯೊಂದು ಚಪ್ಪರದಲ್ಲಿಯೂ ಪ್ರತಿಯೊಂದು ತಲೆಮಾರಿನಲ್ಲಿಯೂ ಕೇಳಿಬಂದಿದೆ. ಹಿರಿಯರ ಸಂಗೀತ ದೊಡ್ಡದಾಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡಬೇಕಾಗಿದ್ದವರ ಕಂಠಶಕ್ತಿಯನ್ನು ನಾವು ಊಹಿಸಬಲ್ಲೆವು. ತಮ್ಮ ವಾದ್ಯದ ನಾದ ದೂರದವರಿಗೂ ಕೇಳಲೆಂದು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದ್ದನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ನೆನಪು ಹಿರಿಯರಿಗೆ ನ್ಯಾಯ ಸಲ್ಲಿಸುತ್ತದೆಯೆ? ಅದು ಅವರ ನೂರು ಕಚೇರಿಗಳಲ್ಲಿ ತೊಂಬತ್ತನ್ನು ಮರೆತು, ಗಂಟಲು ಕಟ್ಟಿದ ದಿನವನ್ನು ಮರೆತು, ಪಕ್ಕವಾದ್ಯ ಕೈಕೊಟ್ಟ ದಿನವನ್ನು ಮರೆತು, ಉಳಿದ ಹತ್ತನ್ನು ಒಂದೇ ರಾತ್ರಿಯನ್ನಾಗಿ ಪೋಣಿಸಿ ಇಟ್ಟುಕೊಂಡಿರುತ್ತದೆ. ಅಂಥ ರಾತ್ರಿಯೊಂದು ಯಾವ ಚಪ್ಪರದಲ್ಲಿಯೂ ನಡೆದಿರಲಿಲ್ಲ. ಅದನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇಂದು ಎದುರಿಗೆ ಕುಳಿತು ಬೆವರು ಒರೆಸಿಕೊಳ್ಳುತ್ತ ಹಾಡುತ್ತಿರುವ ಇಪ್ಪತ್ತರ ಹುಡುಗಿಯನ್ನು ಇನ್ನೊಂದರಲ್ಲಿಟ್ಟು ತೂಗಿದರೆ, ತೂಕ ಸರಿಬರುವುದು ಹೇಗೆ?

ಹಳೆಯ ಗ್ರಾಮಫೋನ್ ತಟ್ಟೆಗಳ ಸಾಕ್ಷ್ಯವೂ ಹೀಗೆಯೇ ಅರೆಕೊರೆಯದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುತ್ತಿದ್ದ ಮಹನೀಯರು ಆ ಮೂರು ನಿಮಿಷಗಳೊಳಗೆ ರಾಗವನ್ನೂ ಕೃತಿಯನ್ನೂ ಸ್ವರವನ್ನೂ ತುರುಕಬೇಕಾಯಿತು. ನಾವು ಆ ತಟ್ಟೆಯನ್ನು ಕೇಳಿ ‘ಎಂಥ ವೇಗ!’ ಎಂದು ಬೆರಗಾಗುತ್ತೇವೆ. ಇಂದಿನವರ ಕೈಯಲ್ಲಿ ಮೊಬೈಲಿದೆ. ಮೂರು ನಿಮಿಷವೇಕೆ, ಮೂರು ಗಂಟೆಯ ಕಚೇರಿಯನ್ನೂ ಅದು ನುಂಗುತ್ತದೆ. ಮನೆಗೆ ಹೋಗಿ ಕೇಳಿದರಾಯಿತೆಂಬ ಧೈರ್ಯದಲ್ಲಿ ಕಚೇರಿಯ ಹೊತ್ತಿನಲ್ಲಿ ಕೇಳುವುದನ್ನು ಮುಂದಕ್ಕೆ ಹಾಕುತ್ತೇವೆ. ಕೇಳದೆ ಇದ್ದುದನ್ನು ನೆನೆಯುವುದು ಮಾತ್ರ ಯಾವ ಯಂತ್ರದಿಂದಲೂ ಆಗದು.

ಹಾಗಾದರೆ ನೆನಪು ಉಳಿಯುವುದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ನಮ್ಮ ಅಜ್ಜಿ. ನಮ್ಮ ಬೀದಿಯ ರಾಮಮಂದಿರದ ಉತ್ಸವದಲ್ಲಿ ಅವರು ಒಂದು ದಿನವಾದರೂ ವಿದ್ವಾಂಸರ ಎದುರಿಗೆ ಕುಳಿತವರಲ್ಲ. ಹಿಂಬದಿಯ ಅಡಿಗೆಯ ಅಂಕಣದಲ್ಲಿ ಈಳಿಗೆಮಣೆಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚುವುದು ಅವರ ಪಾಲಿನ ಸೇವೆ. ಸಂಗೀತ ಅವರಿಗೆ ಗೋಡೆಯಾಚೆಯಿಂದ ಬರುತ್ತಿತ್ತು. ರಾಗಗಳ ಶಾಸ್ತ್ರೀಯ ಹೆಸರುಗಳನ್ನು ಅವರು ಅರಿಯರು. ತಮ್ಮದೇ ಹೆಸರುಗಳನ್ನು ಇಟ್ಟುಕೊಂಡಿದ್ದರು. ನೀಲಾಂಬರಿ ಅವರಿಗೆ ‘ತೊಟ್ಟಿಲ ರಾಗ’. ಕಚೇರಿ ಮುಗಿಯುವ ಹೊತ್ತಿಗೆ ಹಾಡುವ ಮಧ್ಯಮಾವತಿ ‘ದೊನ್ನೆಯ ರಾಗ’. ಏಕೆಂದರೆ ಅದು ಕೇಳಿಸಿದೊಡನೆ ದೊನ್ನೆಗಳನ್ನು ಹರಡಿ ಕೋಸಂಬರಿ ಬಡಿಸಲು ಸಿದ್ಧರಾಗಬೇಕಾಗಿತ್ತು.

ಮುಪ್ಪಿನಲ್ಲಿ ಅಜ್ಜಿಗೆ ಮರೆವು ಬಂದಿತು. ಮೊದಲು ತಿಥಿವಾರಗಳು ಹೋದವು, ಆಮೇಲೆ ಬಂಧುಗಳ ಹೆಸರುಗಳು, ಕೊನೆಗೆ ನಮ್ಮ ಮುಖಗಳೂ. ಒಂದು ಸಂಜೆ ಮನೆಯ ರೇಡಿಯೋದಲ್ಲಿ ಯಾರೋ ಮಧ್ಯಮಾವತಿಯನ್ನು ಹಾಡುತ್ತಿದ್ದರು. ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದ ಅಜ್ಜಿ ನೆಟ್ಟಗೆ ಕುಳಿತು, ನಮ್ಮ ತಾಯಿಯ ಕಡೆಗೆ ತಿರುಗಿ, “ಏಳ್ರೇ, ದೊನ್ನೆ ತೆಗೆದಿಡಿ, ಜನ ಏಳ್ತಾರೆ” ಎಂದರು. ಎದುರಿಗಿದ್ದವಳು ಸೊಸೆಯೆಂಬುದು ಅವರಿಗೆ ತಿಳಿದಿರಲಿಲ್ಲ. ರಾಗ ತಿಳಿದಿತ್ತು. ನಮ್ಮ ತಾಯಿ “ಆಯಿತಮ್ಮ, ತೆಗೆದಿಟ್ಟೆ” ಎಂದು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ವಯಸ್ಸಾದವರಲ್ಲಿ ಉಳಿದೆಲ್ಲ ನೆನಪು ಮಾಸಿದರೂ ಹಳೆಯ ಸಂಗೀತ ಬಹುಕಾಲ ಉಳಿದುಕೊಳ್ಳುವುದುಂಟೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದುದು ನನಗೆ ಇಂಥ ಹೊತ್ತಿನಲ್ಲಿ ಬಹಳ ಉಚಿತವಾಗಿ ತೋರುತ್ತದೆ. ರೇಡಿಯೋವೂ ಗೋಡೆಯಾಚೆಯ ಸಂಗೀತವೇ. ಒಲೆಯ ಮುಂದೆ, ತೊಟ್ಟಿಲ ಬಳಿಯಲ್ಲಿ, ಲೆಕ್ಕದ ಪುಸ್ತಕದೆದುರು ಕುಳಿತವರ ಕಿವಿಗೆ ಅದು ಕೆಲಸದ ನಡುವೆಯೇ ಬಂದು ಸೇರುತ್ತದೆ. ಅಜ್ಜಿಗೆ ಹೋಲಿಸಿ ನೋಡುವ ಹಳೆಯ ಭೈರವಿ ಇರಲಿಲ್ಲ. ಪಕ್ಕದವರಿಗೆ ಹೇಳಿ ಮೆರೆಯಬೇಕಾದ ರಾಗದ ಹೆಸರಿರಲಿಲ್ಲ. ಕೈಯಲ್ಲಿ ಸೌತೆಕಾಯಿಯಿತ್ತು, ಕಿವಿಯಲ್ಲಿ ಅಂದಿನ ಹಾಡಿತ್ತು. ಅವೆರಡೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದವು. ಕೋಸಂಬರಿಯಿಂದ ಸಂಗೀತ ಕೆಡುತ್ತದೆನ್ನುವವರಿಗೆ ನನ್ನಲ್ಲಿರುವ ಉತ್ತರ ಇದೊಂದೇ.

ಕೊನೆಗೊಂದು ಮಾತು. ನಮ್ಮ ಸಂಗೀತಗಾರನಿಗೆ ನೆನಪೂ ಬೇಕು, ನೆನಪಿನ ಆಚೆಯದೂ ಬೇಕು. ಗುರುವಿನ ಬಾಯಿಂದ ಬಂದ ಪಾಠಾಂತರದಂತೆ ಕೃತಿಯನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಾನೆ. ಅದು ಮುಗಿದ ಗಳಿಗೆಯಲ್ಲಿಯೇ ನಿನ್ನೆ ಹಾಡದ, ನಾಳೆಯೂ ಹಾಡಲಾರದ ಕಲ್ಪನಾಸ್ವರವೊಂದನ್ನು ನಮ್ಮೆದುರು ಹುಟ್ಟಿಸುತ್ತಾನೆ. ಹಾಡುವವನಿಂದ ಇಷ್ಟನ್ನು ಬೇಡುವ ನಾವು ಕೇಳುವವರಾಗಿ ಅದರಲ್ಲಿ ಅರ್ಧವನ್ನಾದರೂ ಕೊಡಬೇಡವೆ? ಹಿರಿಯರ ಭೈರವಿ ನಮ್ಮೊಳಗೆ ಶ್ರುತಿಯಂತೆ ಹಿಂದೆ ನುಡಿಯುತ್ತಿರಲಿ. ತಂಬೂರಿಯೇ ಮುಂದೆ ಬಂದು ಹಾಡತೊಡಗಿದರೆ ಕಚೇರಿ ನಡೆಯುವುದಿಲ್ಲ.

ಆದ್ದರಿಂದ ಶ್ರೋತೃಗಳೇ, ಮುಂದಿನ ಚೈತ್ರದಲ್ಲಿ ನಿಮ್ಮ ಬೀದಿಯ ಚಪ್ಪರಕ್ಕೆ ಹೋಗಿ. ಹೆಸರು ಕೇಳಿರದ ಹುಡುಗನೋ ಹುಡುಗಿಯೋ ಹಾಡುವ ದಿನವನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ತನಿ ಮುಗಿಯುವವರೆಗೆ ಕುಳಿತಿರಿ. ಆಮೇಲೆ ಸಂಕೋಚವಿಲ್ಲದೆ ಪಾನಕವನ್ನು ಎರಡು ಲೋಟ ಕುಡಿಯಿರಿ. ಕೋಸಂಬರಿಯ ದೊನ್ನೆಯನ್ನು ಕೈಗೆ ತೆಗೆದುಕೊಳ್ಳುವಾಗ ಒಳಗೆ ಈಳಿಗೆಮಣೆಯ ಮುಂದೆ ಕುಳಿತವರು ಯಾರೆಂದು ಒಮ್ಮೆ ಬಗ್ಗಿ ನೋಡಿರಿ. ಅಂದಿನ ಕಚೇರಿಯಲ್ಲಿ ಯಾವ ರಾಗ ಚೆನ್ನಾಗಿತ್ತೆಂದು ಅವರನ್ನು ಕೇಳಬಹುದು.